ಚದುರಿದ ಹೊಲ ಒಂದಾದರೆ



ಕಳೆದ ಸುಗ್ಗಿ ಮುಗಿದ ಮೇಲೆ ಅಕ್ಕಲಕೋಟ ಕಡೆಯ ಅಣ್ಣತಮ್ಮಂದಿರಿಬ್ಬರು ಮಠಕ್ಕೆ ಬಂದು ತಮ್ಮ ಸಾತಬಾರಾ ಉತಾರಗಳನ್ನು ನಮ್ಮ ಮುಂದಿಟ್ಟರು. ಅಣ್ಣ ಉಳುವ ಹೊಲದ ಉತಾರ ತಮ್ಮನ ಹೆಸರಿಗೆ, ತಮ್ಮ ಉಳುವುದು ಅಣ್ಣನ ಹೆಸರಿಗೆ. ತಂದೆಯ ಕಾಲದಿಂದ ಹೀಗೇ ನಡೆದಿದೆ. ಜಗಳವೇನೂ ಇಲ್ಲ, ಆದರೆ ಭಾವಿ ತೋಡಲು ಸಾಲ ಹುಟ್ಟುತ್ತಿಲ್ಲ.

ಈ ತೊಡಕಿನ ಬೇರು ಹಳೆಯದು. ಹೊಲಗಳು ಇನ್ನಷ್ಟು ತುಂಡಾಗದಂತೆ ತಡೆಯಲು, ಚದುರಿದ ತುಂಡುಗಳನ್ನು ಅದಲುಬದಲು ಮಾಡಿ ಒಬ್ಬೊಬ್ಬ ರೈತನಿಗೆ ಒಂದೇ ಕಡೆ ಕೊಡಲು ಮುಂಬೈ ಪ್ರಾಂತದಲ್ಲಿ 1947ರಲ್ಲಿ ಕಾಯ್ದೆಯಾಯಿತು. ಅಕ್ಕಲಕೋಟ, ಜತ್ತ ಸಂಸ್ಥಾನಗಳು 1948ರಲ್ಲಿ ಆ ಪ್ರಾಂತಕ್ಕೆ ಸೇರಿದವು. ಏಕತ್ರೀಕರಣ ನಡೆದ ಊರುಗಳಲ್ಲಿ ಸರ್ವೆ ನಂಬರ ಹೋಗಿ ಗಟ ನಂಬರ ಬಂತು. ಆದರೆ ಎಷ್ಟೋ ಕಡೆ ಕಾಗದದಲ್ಲಿ ಹೊಲ ಬದಲಾಯಿತೇ ಹೊರತು ರೈತ ಕದಲಲಿಲ್ಲ. ಗೊಬ್ಬರ ಹಾಕಿ ಸಾಕಿದ ಎರೆಹೊಲ ಬಿಟ್ಟು ಕಲ್ಲುಮರಡಿಗೆ ಯಾರು ಹೋದಾರು? ರೈತನನ್ನೇ ದೂರುವುದು ನಮಗೆ ಸರಿ ಕಾಣದು.

ಪಂಜಾಬದಲ್ಲಿ 1920ರ ಸುಮಾರಿಗೇ ಸಹಕಾರಿ ಸಂಘಗಳ ಮೂಲಕ, ರೈತರನ್ನು ಒಪ್ಪಿಸಿ ಈ ಕೆಲಸ ಆರಂಭವಾಗಿತ್ತು. 1948ರ ಕಾಯ್ದೆಯ ನಂತರ ಊರಿಗೆ ಊರೇ ಹೊಲಗಳನ್ನು ಕೂಡಿಸಿತು. ಹೊಲದ ದಾರಿಗೆ, ಊರಿನ ಸಾರ್ವಜನಿಕ ಕೆಲಸಕ್ಕೆ ಜಾಗವನ್ನೂ ತೆಗೆದಿಟ್ಟರು. ಮುಂದೆ 1960ರ ದಶಕದಲ್ಲಿ ಅಲ್ಲಿ ಕೊಳವೆಭಾವಿಗಳು ಹಬ್ಬಲು ಇದೂ ಒಂದು ಕಾರಣ. ಹೊಲವೆಲ್ಲ ಒಂದೇ ಕಡೆ ಇದ್ದವನಿಗೆ ಒಂದೇ ಭಾವಿ ಸಾಕು.

ನಾವು ಬಿ.ಕಾಂ. ಓದಿದವರು, ಲೆಕ್ಕ ಹಾಕದೆ ಬಿಡೆವು. ಚೌಕದ ಒಂದು ಎಕರೆಗೆ ಸುತ್ತಳತೆ ಸುಮಾರು 835 ಅಡಿ. ಅಂಥ ನಾಲ್ಕು ತುಂಡು ನಾಲ್ಕು ದಿಕ್ಕಿಗಿದ್ದರೆ ಬದು 3,340 ಅಡಿ; ನಾಲ್ಕೆಕರೆ ಒಂದೇ ಚೌಕವಾದರೆ 1,670. ಮೂರಡಿ ಅಗಲದ ಬದು ಎಂದುಕೊಂಡರೆ ಮೊದಲಿನದು ಒಂಬತ್ತು ಗುಂಟೆ ನುಂಗುತ್ತದೆ, ಎರಡನೆಯದು ನಾಲ್ಕೂವರೆ. ಬದುವಿನಲ್ಲಿ ಅರ್ಧ ನೆರೆಯವನದೆಂದರೂ ಒಂದಕ್ಕೆರಡು ವ್ಯತ್ಯಾಸ ಹಾಗೇ ಉಳಿಯುತ್ತದೆ. ಎತ್ತು, ಕೂರಿಗೆ, ಆಳುಗಳನ್ನು ಒಂದು ತುಂಡಿನಿಂದ ಇನ್ನೊಂದಕ್ಕೆ ಸಾಗಿಸುವ ಹೊತ್ತು ಈ ಲೆಕ್ಕದಲ್ಲಿಲ್ಲ.

ಮಹಾರಾಷ್ಟ್ರ ಸರಕಾರ 2023ರಲ್ಲಿ ‘ಸಲೋಖಾ’ ಯೋಜನೆ ತಂದಿತು. ಒಬ್ಬರ ಹೊಲ ಇನ್ನೊಬ್ಬರ ವಹಿವಾಟಿನಲ್ಲಿ ಕನಿಷ್ಠ 12 ವರ್ಷ ಇದ್ದರೆ, ಇಬ್ಬರೂ ಒಪ್ಪಿ ಅದಲುಬದಲು ದಸ್ತು ಮಾಡಿಸಬಹುದು. ಮುದ್ರಾಂಕ ಶುಲ್ಕ ಸಾವಿರ ರೂಪಾಯಿ, ನೋಂದಣಿ ಶುಲ್ಕ ಸಾವಿರ. ಮೊದಲಿಗೆ ಎರಡು ವರ್ಷದ ಅವಧಿಗೆಂದು ಬಂದದ್ದು. ಹೋಗುವ ಮುನ್ನ ಈಗಿನ ಅವಧಿಯನ್ನು ನೋಂದಣಿ ಕಚೇರಿಯಲ್ಲಿ ವಿಚಾರಿಸಿರಿ. ತಲಾಠಿಯವರ ಪಂಚನಾಮೆ ಬೇಕು. ಉತಾರದಲ್ಲಿ ಅಕ್ಕತಂಗಿಯರ ಹೆಸರಿದ್ದರೆ ಅವರ ಸಹಿಯೂ ಬೇಕು. ಇದನ್ನು ಮರೆತೇ ಬಹಳ ಜನ ತಿರುಗಿ ಬರುತ್ತಾರೆ.

ನಮ್ಮ ಅಣ್ಣತಮ್ಮಂದಿರೂ ಮರೆತಿದ್ದರು. ಪಂಚನಾಮೆ ಆಗಿದೆ. ಇಂಡಿಗೆ ಕೊಟ್ಟ ಅಕ್ಕ ಬಸವಜಯಂತಿಗೆ ತವರಿಗೆ ಬರುವವರಿದ್ದಾರೆ. ಸಹಿಗೆ ಮೊದಲು ಎರಡೂ ಹೊಲಗಳನ್ನು ಕಣ್ಣಾರೆ ನೋಡಬೇಕೆಂದು ಹೇಳಿ ಕಳಿಸಿದ್ದಾರೆ.