ಹೊಸ ಫೋನು, ಹಳೆಯ ರೂಢಿ

ಗಲ್ಫಿನಿಂದ ರಜೆಗೆ ಬಂದ ಮಗ ತಾಯಿಗೆ ಹೊಸ ಸ್ಮಾರ್ಟ್‌ಫೋನ್ ತಂದುಕೊಡುತ್ತಾನೆ. ಎರಡೇ ದಿನಕ್ಕೆ ತಾಯಿಗೆ ಅಳು ಬರುತ್ತದೆ: "ನನ್ನ ಹಳೆಯದ್ದನ್ನೇ ಕೊಡು ಮಗಾ." ಮಗನಿಗೆ ಸಿಟ್ಟು.

ಇದು ಹಠವಲ್ಲ. ರೂಢಿಯನ್ನು ಬದಲಿಸುವುದು ಕಷ್ಟ, ಅದು ಸ್ವಭಾವದಂತೆಯೇ ಆಗಿರುತ್ತದೆ ಎಂದು ತತ್ವಜ್ಞಾನಿ ಅರಿಸ್ಟಾಟಲ್ ಎಂದೋ ಹೇಳಿದ್ದಾನೆ. ಹಳೆಯ ಫೋನಿನಲ್ಲಿ ಆಕೆ ಓದಿ ಒತ್ತುತ್ತಿರಲಿಲ್ಲ; ಬೆರಳಿಗೇ ದಾರಿ ಗೊತ್ತಿತ್ತು.

ಇನ್ನೊಂದು ನೋವಿದೆ, ಅದನ್ನು ಆಕೆ ಬಾಯಿಬಿಟ್ಟು ಹೇಳಲಾರಳು. ದಿವಂಗತ ಪತಿಯ ಧ್ವನಿ ಸಂದೇಶಗಳು ಹಳೆಯ ಫೋನಿನ ವಾಟ್ಸ್ಯಾಪಿನಲ್ಲಿವೆ. ಸಿಮ್ ಬದಲಿಸಿದ ಮಾತ್ರಕ್ಕೆ ಅವು ಜೊತೆಗೆ ಬರುವುದಿಲ್ಲ. ಅವು ಸಿಮ್‌ನಲ್ಲಿಲ್ಲ, ಫೋನಿನಲ್ಲಿವೆ. ಆಂಡ್ರಾಯ್ಡ್ ಫೋನಾದರೆ ಮೊದಲು ಹಳೆಯದರಲ್ಲಿ ಬ್ಯಾಕಪ್ ಮಾಡಿ, ಹೊಸದರಲ್ಲಿ ಅದೇ ನಂಬರ್, ಅದೇ ಗೂಗಲ್ ಖಾತೆ ಕೊಟ್ಟು ಮರಳಿ ಪಡೆಯಬೇಕು. 2023ರಿಂದ ಎರಡೂ ಫೋನುಗಳನ್ನು ಪಕ್ಕಪಕ್ಕದಲ್ಲಿಟ್ಟು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೇರವಾಗಿಯೂ ಸಾಗಿಸಬಹುದು. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವ ಅವಸರ ಬೇಡ. ಆ ಧ್ವನಿಯನ್ನು ಹೊಸದರಲ್ಲಿ ತಾಯಿ ಕೇಳಿದ ಮೇಲೆ ಕೊಡಿ.

ಮಕ್ಕಳೇ, "ಇಷ್ಟೇ ಅಲ್ವಾ ಅಮ್ಮಾ" ಎಂದು ಫೋನು ಕಸಿದು ಪಟಪಟನೆ ಒತ್ತಿ ಹಿಂದೆ ಕೊಟ್ಟರೆ ಆಕೆ ಏನೂ ಕಲಿಯುವುದಿಲ್ಲ. ಫೋನು ಆಕೆಯ ಕೈಯಲ್ಲೇ ಇರಲಿ. (ನಿಮ್ಮ ಕೈ ಕಟ್ಟಿಕೊಳ್ಳುವುದು ಇನ್ನೂ ಒಳ್ಳೆಯದು!) ಅಕ್ಷರ ದೊಡ್ಡದು ಮಾಡಿ, ಕನ್ನಡ ಕೀಬೋರ್ಡ್ ಹಾಕಿ, ವಾಟ್ಸ್ಯಾಪನ್ನು ಹಳೆಯ ಫೋನಿನಲ್ಲಿ ಎಲ್ಲಿತ್ತೋ ಅಲ್ಲೇ ಇಡಿ. ಇಂದು ಕರೆ ಮಾಡುವುದು, ನಾಳೆ ಫೋಟೊ ಕಳಿಸುವುದು. ಹಣ ಕಳಿಸುವ ಯುಪಿಐ ಕೊನೆಗಿರಲಿ. ಅದಕ್ಕೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹೊಸ ಫೋನಿನಲ್ಲೇ ಇದ್ದು, ಅದರಿಂದ ಎಸ್ಸೆಮ್ಮೆಸ್ ಹೋಗಬೇಕು. ಸಹಾಯದ ನೆಪದಲ್ಲಿ ಪಿನ್ ಕೇಳುವವರಿಗೆ ಕೊಡಬಾರದೆಂದು ಅದೇ ದಿನ ತಿಳಿಸಿ.