ಪೋಸ್ಟರನ್ನು ಕೆಳಗಿನಿಂದ ಓದಿ

ಎರಡು ಮಹಾಯುದ್ಧಗಳ ನಡುವಿನ ಕ್ರೀಡಾ ಪೋಸ್ಟರ್‌ಗಳನ್ನು ಪರೀಕ್ಷಿಸಿ, ಮಾರಾಟಕ್ಕೆ ವಿವರಪಟ್ಟಿ ಬರೆಯುವುದು ನನ್ನ ಕಸುಬು. ಕೊಳ್ಳಲು ಬರುವವರು ಅದಾಗಲೇ ಬಣ್ಣಕ್ಕೆ, ಚೂಪು ಗೆರೆಗಳಿಗೆ, ಚಿಮ್ಮುವ ಮೈಕಟ್ಟಿಗೆ ಮರುಳಾಗಿರುತ್ತಾರೆ. ಆರ್ಟ್ ಡೆಕೊ ಎಂಬ ಆ ಶೈಲಿ ಇರುವುದೇ ಮರುಳು ಮಾಡಲಿಕ್ಕೆ. ಅಚ್ಚು ಹಾಕಿಸಿದವರು ಯಾರು, ಯಾಕೆ ಎಂದು ಕೇಳುವುದು ನನ್ನ ಪಾಲಿನ ಕೆಲಸ. ಹೊಸ ಸಂಗ್ರಾಹಕರಿಗೆ ನಾನು ಹೇಳುವುದಿಷ್ಟು.

1. ಮೊದಲು ಅಂಚು, ಆಮೇಲೆ ಚಿತ್ರ. ಮುದ್ರಕರ ಹೆಸರು, ಭಾಷೆ, ತಾರೀಖು ಎಲ್ಲ ಸಿಗುವುದು ಕೆಳಗಿನ ಸಣ್ಣಕ್ಷರದಲ್ಲಿ. ಮುಸೊಲಿನಿ ಕಾಲದ ಇಟಲಿಯ ಪೋಸ್ಟರ್‌ಗಳಲ್ಲಿ ಇಸವಿಯ ಜೊತೆ ರೋಮನ್ ಅಂಕಿಯೊಂದು ಇರುವುದುಂಟು. ಅದು 1922ರಿಂದ ಎಣಿಸಿದ ಫ್ಯಾಸಿಸ್ಟ್ ಶಕೆ. 1934ರ ಫುಟ್ಬಾಲ್ ವಿಶ್ವಕಪ್ ನಡೆದದ್ದು ಆ ಲೆಕ್ಕದ ಹನ್ನೆರಡನೇ ವರ್ಷದಲ್ಲಿ. ಕ್ಯಾಲೆಂಡರನ್ನೇ ತನ್ನದು ಮಾಡಿಕೊಂಡ ಸರ್ಕಾರ ಚೆಂಡಾಟವನ್ನು ಬಿಟ್ಟೀತೇ?

2. ಎತ್ತಿದ ಕೈ ಕಂಡೊಡನೆ ತೀರ್ಪು ಕೊಡಬೇಡಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಜಾನ್ ದ್ರುವಾ ಬರೆದ ಪೋಸ್ಟರ್‌ನಲ್ಲಿ ಬರಿಮೈಯ ಆಟಗಾರರು ಬಲಗೈ ಚಾಚಿ ನಿಂತಿದ್ದಾರೆ. ಅದು ಒಲಿಂಪಿಕ್ ವಂದನೆ. 1936ರ ಚಳಿಗಾಲದ ಒಲಿಂಪಿಕ್ಸ್‌ಗೆ ಲುಡ್ವಿಗ್ ಹೋಲ್‌ವೈನ್ ಬರೆದ ಸ್ಕೀಯಿಂಗ್ ಆಟಗಾರನೂ ಕೈ ಎತ್ತಿದ್ದಾನೆ. ಆ ಹೊತ್ತಿಗೆ ಜರ್ಮನಿಯಲ್ಲಿ ಅಂಥ ಕೈಗೆ ಬೇರೆಯೇ ಅರ್ಥವಿತ್ತು: ನಾಜಿ ವಂದನೆ. ಹೋಲ್‌ವೈನ್ 1933ರಲ್ಲೇ ನಾಜಿ ಪಕ್ಷ ಸೇರಿದ್ದವನು. ಯುದ್ಧ ಮುಗಿದ ಮೇಲೆ ಕೆಲಕಾಲ ಅವನ ವೃತ್ತಿಗೆ ನಿಷೇಧವೂ ಬಿತ್ತು. ಹೊರಗಿನವರಿಗೆ ಒಂದು ಅರ್ಥ, ಒಳಗಿನವರಿಗೆ ಇನ್ನೊಂದು. ಎರಡೂ ಸಲ್ಲುವಂತೆ ಆ ಕೈ ಇದೆ. ನಾನು ಪಟ್ಟಿಯಲ್ಲಿ ಎರಡನ್ನೂ ಬರೆಯುತ್ತೇನೆ. ಅವನ ಬಣ್ಣಗಾರಿಕೆ ಅಪ್ರತಿಮ ಎಂದೂ ಬರೆಯುತ್ತೇನೆ, ಅದು ಸುಳ್ಳಲ್ಲವಲ್ಲ.

3. ಇಲ್ಲದ್ದನ್ನೂ ನೋಡಿ. ಅದೇ ವರ್ಷದ ಬರ್ಲಿನ್ ಒಲಿಂಪಿಕ್ಸ್‌ನ ಫ್ರಾಂಟ್ಸ್ ವ್ಯೂರ್ಬೆಲ್ ಪೋಸ್ಟರ್‌ನಲ್ಲಿ ಬ್ರಾಂಡೆನ್‌ಬುರ್ಗ್ ದ್ವಾರದ ಮೇಲಿನ ರಥವಿದೆ, ಹಿಂದೆ ಹೊಂಬಣ್ಣದ ಆಟಗಾರನಿದ್ದಾನೆ, ಐದು ಉಂಗುರಗಳಿವೆ. ಸ್ವಸ್ತಿಕ ಮಾತ್ರ ಇಲ್ಲ. ಹಲವು ಭಾಷೆಗಳಲ್ಲಿ ಅಚ್ಚಾಗಿ ಹೊರದೇಶಗಳಿಗೆ ಹೋಗಬೇಕಿದ್ದ ಪೋಸ್ಟರ್ ಅದು. ಕ್ರೀಡಾಕೂಟದ ದಿನಗಳಲ್ಲಿ ಬರ್ಲಿನ್ ಬೀದಿಗಳಿಂದ ಯಹೂದಿ ವಿರೋಧಿ ಫಲಕಗಳನ್ನೂ ತೆಗೆಸಲಾಗಿತ್ತು. ನಮ್ಮವರು ಈ ಪೋಸ್ಟರ್ ಕೇಳುವುದು ಧ್ಯಾನ್ ಚಂದ್ ನೆನಪಿಗೆ: ಆಗಸ್ಟ್ 15ರ ಹಾಕಿ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8–1ರಿಂದ ಮಣಿಸಿದ ಕೂಟವಲ್ಲವೇ. ಕಾರಣ ಒಳ್ಳೆಯದೇ.

4. ಆ ಕಾಲದ್ದೆಲ್ಲ ಆರ್ಟ್ ಡೆಕೊ ಅಲ್ಲ. 1928ರ ಮಾಸ್ಕೋ ಸ್ಪಾರ್ಟಕಿಯಾಡ್ ಕ್ರೀಡಾಕೂಟಕ್ಕೆ ಗುಸ್ತಾವ್ ಕ್ಲುಟ್ಸಿಸ್ ಮಾಡಿದ ಫೋಟೊ ಜೋಡಣೆಗಳ ದಾರಿಯೇ ಬೇರೆ. ಹತ್ತೇ ವರ್ಷದಲ್ಲಿ ಸ್ಟಾಲಿನ್ ಆಡಳಿತ ಅವನನ್ನು ಗುಂಡಿಟ್ಟು ಕೊಂದಿತು.

5. ಭೂತಗನ್ನಡಿ ಜೇಬಿನಲ್ಲಿರಲಿ. ಬಣ್ಣ ಸಾಲುಸಾಲು ಚುಕ್ಕಿಗಳಾಗಿ ಒಡೆದು ಕಂಡರೆ ಬಹುಪಾಲು ಅದು ಈಚಿನ ಮರುಮುದ್ರಣ.

6. ಒಂದೇ ಚಿತ್ರ ಎರಡು ಸಲ ಅಚ್ಚಾಗಿದ್ದರೆ ಎರಡನ್ನೂ ಪಕ್ಕಪಕ್ಕ ಇಡಿ. ನನಗೆ ಅತಿ ಮೆಚ್ಚುಗೆಯ ಜೋಡಿ ಹೆಲ್ಸಿಂಕಿಯದು. ಚೀನಾದೊಂದಿಗೆ ಯುದ್ಧದಲ್ಲಿ ತೊಡಗಿದ್ದ ಜಪಾನ್ 1938ರಲ್ಲಿ ಟೋಕಿಯೊ ಒಲಿಂಪಿಕ್ಸ್ ಕೈಬಿಟ್ಟಾಗ 1940ರ ಕೂಟ ಫಿನ್ಲೆಂಡಿನ ಪಾಲಾಯಿತು. ಇಲ್ಮಾರಿ ಸೂಸಿಮೆತ್ಸಾ ಓಟಗಾರ ಪಾವೊ ನುರ್ಮಿಯ ಪ್ರತಿಮೆಯನ್ನು ಭೂಗೋಳದ ಮುಂದೆ ನಿಲ್ಲಿಸಿ ಪೋಸ್ಟರ್ ಬರೆದ. ಯುದ್ಧ ಬಂತು, ಕೂಟ ನಡೆಯಲಿಲ್ಲ. 1952ರಲ್ಲಿ ಹೆಲ್ಸಿಂಕಿಗೆ ಮತ್ತೆ ಅವಕಾಶ ಸಿಕ್ಕಾಗ ಅದೇ ಪೋಸ್ಟರ್ ಹೊರಬಂತು. ತಾರೀಖು ಬದಲಾಗಿತ್ತು. ಗೋಳದ ಮೇಲಿನ ಫಿನ್ಲೆಂಡಿನ ಗಡಿಯೂ ಬದಲಾಗಿತ್ತು, ಏಕೆಂದರೆ ನಡುವೆ ಕರೇಲಿಯಾದ ದೊಡ್ಡ ಭಾಗ ಸೋವಿಯತ್ ಒಕ್ಕೂಟಕ್ಕೆ ಹೋಗಿತ್ತು. ನುರ್ಮಿ ಮಾತ್ರ ಅದೇ ಭಂಗಿಯಲ್ಲಿ ಓಡುತ್ತಿದ್ದಾನೆ.

7. ಕೈಬದಲಾದ ದಾಖಲೆ ಕೇಳಿ. ಬರ್ಲಿನ್ನಿನ ಯಹೂದಿ ದಂತವೈದ್ಯ ಹಾನ್ಸ್ ಸಾಕ್ಸ್ ಕೂಡಿಟ್ಟಿದ್ದ ಸುಮಾರು 12,500 ಪೋಸ್ಟರ್‌ಗಳನ್ನು ನಾಜಿಗಳು 1938ರಲ್ಲಿ ಕಸಿದುಕೊಂಡರು. ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಪೋಸ್ಟರ್‌ಗಳು ಮಗನ ಕೈ ಸೇರಲು 2012ರಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯ ತೀರ್ಪು ಕೊಡಬೇಕಾಯಿತು. ಆದ್ದರಿಂದ ಯುರೋಪಿನ ಹಳೆಯ ಪೋಸ್ಟರ್ ಕೊಳ್ಳುವಾಗ 1933ರಿಂದ 1945ರವರೆಗೆ ಅದು ಯಾರ ಬಳಿಯಿತ್ತು ಎಂದು ಕೇಳಿ. ಮಾರುವವರು ಮಾತು ತೇಲಿಸಿದರೆ, ಬೆಲೆ ಎಷ್ಟೇ ಅಗ್ಗವಿರಲಿ, ಬಿಟ್ಟು ಬನ್ನಿ.