ತೆರೆಯ ಮೇಲೆ ಮೂಡದ ಚಿತ್ರ : ಒಂದು ವಿವೇಚನೆ

ವಿದ್ಯಾಸಂಸ್ಥೆಗಳ ಸಭೆ-ಸಮಾರಂಭಗಳೂ ಹಿರಿಯರ ಉಪನ್ಯಾಸಗಳೂ ಮಕ್ಕಳ ನಾಟಕಗಳೂ ಇಂದು ಹೈ ಡೆಫಿನಿಷನ್ ವಿಡಿಯೋ ಫೈಲುಗಳ ರೂಪದಲ್ಲಿ ಉಳಿಯುತ್ತಿವೆ. ಅಂತಹ ಫೈಲನ್ನು ಪೆನ್ ಡ್ರೈವಿಗೆ ತುಂಬಿ ಮನೆಯ ಟಿ.ವಿ.ಗೆ ಸಿಕ್ಕಿಸಿದಾಗ ಕೆಲವೊಮ್ಮೆ ಚಿತ್ರವಿದ್ದು ದನಿಯಿರುವುದಿಲ್ಲ. ಕೆಲವೊಮ್ಮೆ ದನಿಯಿದ್ದು ಚಿತ್ರವಿರುವುದಿಲ್ಲ. ಮತ್ತೆ ಕೆಲವೊಮ್ಮೆ ಎರಡೂ ಇಲ್ಲದೆ, ಈ ಫೈಲು ನಡೆಯದೆಂಬ ಒಕ್ಕಣೆ ಮಾತ್ರ ಕಾಣುತ್ತದೆ. ಫೈಲೇ ಕೆಟ್ಟಿತೆಂದು ಬಗೆದು ಅಳಿಸಿಬಿಡುವವರೂ ಉಂಟು. ಆದರೆ ಬಹುಮಟ್ಟಿಗೆ ಅಲ್ಲಿ ಕೆಟ್ಟುದು ಏನೂ ಇರುವುದಿಲ್ಲ. ಬರೆದ ರೀತಿಗೂ ಓದುವ ಯಂತ್ರದ ತಿಳಿವಿಗೂ ಹೊಂದಿಕೆ ತಪ್ಪಿರುತ್ತದೆ.

ಈ ತೊಡಕಿನ ಮೂಲ ಚಿತ್ರದ ಗಾತ್ರದಲ್ಲಿದೆ. ಭಾರತದಲ್ಲಿ ರೂಢವಾದ ಪಾಲ್ ಪದ್ಧತಿಯ ಡಿವಿಡಿ ಚಿತ್ರದಲ್ಲಿ ಅಡ್ಡಲಾಗಿ 720, ಮೇಲಿನಿಂದ ಕೆಳಗೆ 576, ಒಟ್ಟು 4,14,720 ಬಿಂದುಗಳಿರುತ್ತವೆ. ಪೂರ್ಣ ಹೈ ಡೆಫಿನಿಷನ್ ಚಿತ್ರದಲ್ಲಾದರೋ 1920ಕ್ಕೆ 1080ರಂತೆ 20,73,600 ಬಿಂದುಗಳು. ಅಂದರೆ ಸರಿಯಾಗಿ ಐದು ಪಟ್ಟು. ಬಿಂದುವೊಂದಕ್ಕೆ 3 ಬೈಟುಗಳಂತೆ, ಸೆಕೆಂಡಿಗೆ 25 ಚಿತ್ರಗಳನ್ನು ಇದ್ದುದಿದ್ದಂತೆಯೇ ಬರೆದರೆ ಒಂದು ಸೆಕೆಂಡಿಗೆ 15 ಕೋಟಿಗೂ ಮೀರಿದ ಬೈಟುಗಳಾಗುತ್ತವೆ. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಡಿಸ್ಕಿನ ಒಂದು ಪದರದಲ್ಲಿ 25 ಗಿಗಾಬೈಟು ಹಿಡಿಯುತ್ತದೆ. ಈ ಲೆಕ್ಕದಲ್ಲಿ ಅಂತಹ ಪದರದಲ್ಲಿಯೂ ಮೂರು ನಿಮಿಷದ ದೃಶ್ಯ ಹಿಡಿಯಲಾರದು!

ಆದುದರಿಂದ ದೃಶ್ಯವನ್ನು ಸಂಕ್ಷೇಪಿಸಿ ಬರೆಯುವುದು ಅನಿವಾರ್ಯವಾಯಿತು. ಆಗಾಗ ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ನಡುವಣ ಚಿತ್ರಗಳಲ್ಲಿ ಬದಲಾದುದನ್ನು ಮಾತ್ರ ಬರೆಯುವುದೇ ಇದರ ಮುಖ್ಯ ಮರ್ಮ. ಉಪನ್ಯಾಸಕರ ಕೈ ಚಲಿಸಿದರೆ ಕೈಯ ಚಲನೆಯನ್ನಷ್ಟೇ ಬರೆದರೆ ಸಾಕು. ಹಿಂದಿನ ಗೋಡೆಯನ್ನು ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ಹೀಗೆ ಸಂಕ್ಷೇಪಿಸಿ ಬರೆಯುವ ಮತ್ತು ಬಿಡಿಸಿ ಓದುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು. ಡಿವಿಡಿಯದು ಎಂಪೆಗ್-2 ಕ್ರಮ. 2003ರಲ್ಲಿ ಎಚ್.264, 2013ರಲ್ಲಿ ಎಚ್.265 ಎಂಬ ಕ್ರಮಗಳು ಬಂದವು. ಟಿ.ವಿ. ಮತ್ತು ಡಿಸ್ಕ್ ಪ್ಲೇಯರುಗಳಲ್ಲಿ ಈ ಓದುವ ಕೆಲಸವನ್ನು ಒಳಗಿನ ಚಿಪ್ಪು ಮಾಡುತ್ತದೆ. ತಾನು ತಯಾರಾದ ಮೇಲೆ ಹುಟ್ಟಿದ ಕ್ರಮವನ್ನು ಅದು ಹೇಗೆ ತಾನೆ ಬಲ್ಲದು?

ಇನ್ನು ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ ಮೊದಲಾದ ಅಕ್ಷರಗಳು ಕೋಡೆಕನ್ನು ಹೇಳುವುದಿಲ್ಲ. ಚಿತ್ರವನ್ನೂ ದನಿಯನ್ನೂ ಒಟ್ಟಿಗೆ ಇರಿಸಿದ ಹೊರಪಾತ್ರೆಯನ್ನು ಮಾತ್ರ ಹೇಳುತ್ತವೆ. ನಂದಿನಾಗರಿಯಲ್ಲಿ ಬರೆದ ಓಲೆಗರಿಯ ಕಟ್ಟನ್ನು ಬಿಚ್ಚಲು ಯಾರಿಗಾದರೂ ಬರುತ್ತದೆ. ಆ ಲಿಪಿಯನ್ನು ಅರಿಯದವನು ಸಂಸ್ಕೃತ ಬಲ್ಲವನಾದರೂ ಓದಲಾರನು. ಹಾಗೆಯೇ ಎಂಪಿ4 ಪಾತ್ರೆಯನ್ನು ತೆರೆಯಬಲ್ಲ ಟಿ.ವಿ.ಯು ಒಳಗಿರುವ ಎಚ್.265 ಚಿತ್ರವನ್ನು ಓದಲಾರದೆ ಹೋಗಬಹುದು. ದನಿಗೂ ಪ್ರತ್ಯೇಕ ಕೋಡೆಕ್ ಉಂಟಾದುದರಿಂದ, ಡಿಟಿಎಸ್ ಕ್ರಮವನ್ನು ಅರಿಯದ ಟಿ.ವಿ.ಯಲ್ಲಿ ಚಿತ್ರ ಮೂಡಿಯೂ ದನಿ ಕೇಳದು.

ಪೆನ್ ಡ್ರೈವಿನಿಂದಲೂ ಅಡ್ಡಿಯುಂಟು. ಫ್ಯಾಟ್32 ಕ್ರಮದಲ್ಲಿ ಅಣಿಗೊಳಿಸಿದ ಡ್ರೈವಿನಲ್ಲಿ 4 ಗಿಗಾಬೈಟಿಗೆ ಮಿಗಿಲಾದ ಒಂದೇ ಫೈಲು ನಿಲ್ಲದು. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಕ್ರಮದಲ್ಲಿ ಅಣಿಗೊಳಿಸಿದರೆ ನಿಲ್ಲುತ್ತದೆ. ಆದರೆ ಹಳೆಯ ಪ್ಲೇಯರುಗಳಲ್ಲಿ ಅನೇಕವು ಅಂತಹ ಡ್ರೈವನ್ನು ಗುರುತಿಸಲಾರವು.

ಪರಿಹಾರವನ್ನು ಕ್ರಮವಾಗಿ ಅರಸತಕ್ಕದ್ದು. ಮೊದಲು ಫೈಲನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿ ತಂತ್ರಾಂಶದಿಂದ ತೆರೆದು ನೋಡಬೇಕು. ಅಲ್ಲಿ ನಡೆದರೆ ಫೈಲು ಕ್ಷೇಮವೆಂದೇ ತಿಳಿಯಬಹುದು. ಒಳಗಿನ ಕೋಡೆಕ್ ಯಾವುದೆಂಬುದನ್ನೂ ಅದೇ ತಂತ್ರಾಂಶ ತೋರಿಸುತ್ತದೆ. ಅದನ್ನು ಟಿ.ವಿ.ಯ ಕೈಪಿಡಿಯೊಡನೆ ಹೋಲಿಸಬೇಕು. ಕಂಪ್ಯೂಟರನ್ನು ಎಚ್‌ಡಿಎಂಐ ತಂತಿಯಿಂದ ಟಿ.ವಿ.ಗೆ ಜೋಡಿಸಿದರೆ ಓದುವ ಹೊಣೆ ಕಂಪ್ಯೂಟರಿನದು, ತೋರಿಸುವುದಷ್ಟೇ ಟಿ.ವಿ.ಯದು. ಪಾತ್ರೆ ಮಾತ್ರ ಹೊಂದದಿದ್ದರೆ ಎಫ್‌ಎಫ್‌ಎಂಪೆಗ್‌ನಂತಹ ತಂತ್ರಾಂಶದಿಂದ ಪಾತ್ರೆಯನ್ನಷ್ಟೇ ಬದಲಿಸಬಹುದು. ಇದರಿಂದ ಚಿತ್ರದ ಗುಣ ಎಳ್ಳಷ್ಟೂ ಕುಂದದು. ಕೋಡೆಕನ್ನೇ ಬದಲಿಸಬೇಕಾದರೆ ಹ್ಯಾಂಡ್‌ಬ್ರೇಕ್ ಮೊದಲಾದವು ನೆರವಾಗುತ್ತವೆ. ಆದರೆ ಹಾಗೆ ಮತ್ತೆ ಸಂಕ್ಷೇಪಿಸಿದಾಗಲೆಲ್ಲ ಚಿತ್ರದ ಗುಣ ಸ್ವಲ್ಪವಾದರೂ ಕುಗ್ಗುವುದೆಂಬುದನ್ನು ಮರೆಯಬಾರದು.

ಇಲ್ಲಿ ವಿಶೇಷವಾಗಿ ಎಚ್ಚರಿಸಬೇಕಾದ ಸಂಗತಿಯೊಂದಿದೆ. ಹಳೆಯ ಪ್ಲೇಯರಿನಲ್ಲಿಯೂ ನಡೆಯಲೆಂದು ಫೈಲನ್ನು ಡಿವಿಡಿಗೆ ಪರಿವರ್ತಿಸಿ ಹಂಚುವ ರೂಢಿಯಿತ್ತು. ಈಗಲೂ ಅಲ್ಲಲ್ಲಿ ಉಂಟು. ಹಂಚುವುದು ತಪ್ಪಲ್ಲ. ಆದರೆ ಡಿವಿಡಿಯಾಯಿತಲ್ಲ ಎಂದು ಮೂಲ ಫೈಲನ್ನು ಅಳಿಸಿದರೆ ಐದರಲ್ಲಿ ನಾಲ್ಕು ಪಾಲು ಬಿಂದುಗಳು ಶಾಶ್ವತವಾಗಿ ನಷ್ಟವಾಗುತ್ತವೆ. ಮುಂದೆ ಎಂತಹ ದೊಡ್ಡ ಟಿ.ವಿ. ತಂದರೂ ಹೋದ ವಿವರ ಹಿಂತಿರುಗದು. ಚಿತ್ರವನ್ನು ಹಿಗ್ಗಿಸಿ ತೋರಿಸುವ ಪ್ಲೇಯರು ಇಲ್ಲದ ವಿವರವನ್ನು ಊಹಿಸಬಲ್ಲುದೇ ಹೊರತು ನಿಜವಾದುದನ್ನು ತರಲಾರದು.

ಯಂತ್ರಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ; ಅಗಲಿದ ಗುರುವಿನ ಉಪನ್ಯಾಸ ಮತ್ತೊಮ್ಮೆ ನಡೆಯುವುದಿಲ್ಲ. ಆದುದರಿಂದ ಮೂಲ ಫೈಲನ್ನು ಮುಟ್ಟದೆ, ಬೇರೆ ಬೇರೆ ಸ್ಥಳಗಳಲ್ಲಿ ಎರಡು ಪ್ರತಿಗಳಾಗಿ ಕಾಪಾಡಿ, ಮನೆಯ ಯಂತ್ರಕ್ಕೆ ಬೇಕಾದ ಪ್ರತಿಯನ್ನು ಅದರಿಂದ ತೆಗೆದುಕೊಳ್ಳುವುದೇ ವಿವೇಕದ ಮಾರ್ಗ. ಇಂದು ನಡೆಯದ ಫೈಲು ನಾಳೆ ನಡೆದೀತು; ಅಳಿಸಿದ ಫೈಲಿಗೆ ಮಾತ್ರ ನಾಳೆಯಿಲ್ಲ.